ದೂರದ ಮೇನ್‌ಫ್ರೇಮ್ ಸ್ಟೋರೇಜನ್ನು ಇಲ್ಲಿಂದ ನಡೆಸುವುದು: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಟೀಮಿಗೆ ಪ್ರತಿ ವರ್ಷ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕಾಲೇಜುಗಳಿಂದ ನಾಲ್ಕೈದು ಜನ ಸೇರುತ್ತಾರೆ. ಲಿನಕ್ಸ್, ಕ್ಲೌಡ್ ಎಲ್ಲ ಬಲ್ಲವರೇ. ಆದರೆ ಎರಡನೇ ವಾರಕ್ಕೆ ಎಲ್ಲರೂ ಅವೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಕೋಲಾರದವನು. ನಾವು ನೋಡಿಕೊಳ್ಳುವ ಮೊದಲ ಸೈಟ್ (ಡೇಟಾ ಸೆಂಟರ್) ಬೆಂಗಳೂರಿನಲ್ಲಿದೆ, ಎರಡನೆಯದು ಕೋಲಾರ ಜಿಲ್ಲೆಯಲ್ಲಿ ಹೆದ್ದಾರಿ ಪಕ್ಕ, ಮೂರನೆಯದು ಮುಂಬೈ ಕಡೆ. ಉದಾಹರಣೆಗಳೆಲ್ಲ ಅಲ್ಲಿಂದಲೇ ಬಂದಿವೆ.

ಅಣ್ಣ, ಮೇನ್‌ಫ್ರೇಮ್ ಇನ್ನೂ ಇದೆಯಾ?

ಇದೆ. ಮೇನ್‌ಫ್ರೇಮ್ ಅಂದರೆ ಸಾವಿರಾರು ಜನರ ಲೆಕ್ಕವನ್ನು ಒಟ್ಟಿಗೆ ನಡೆಸುವ ದೊಡ್ಡ ಕಂಪ್ಯೂಟರ್. ಅದರ ಡೇಟಾ ಇರುವ ಡಿಸ್ಕುಗಳ ಪೆಟ್ಟಿಗೆಯೇ ಸ್ಟೋರೇಜ್, ನಾವು ಬಾಕ್ಸ್ ಅನ್ನುವುದೂ ಅದನ್ನೇ. 1964ರಲ್ಲಿ ಐಬಿಎಂ ತಂದ ಸಿಸ್ಟಂ 360ಯ ವಂಶ ಇವತ್ತಿಗೂ ನಡೆಯುತ್ತಿದೆ. ದೊಡ್ಡ ದೊಡ್ಡ ಬ್ಯಾಂಕು, ವಿಮೆ, ವಿಮಾನದ ಟಿಕೆಟ್, ಇವುಗಳ ಲೆಕ್ಕ ಬಹಳ ಕಡೆ ಇದರ ಮೇಲೇ ಕೂತಿದೆ.

ರೆಪ್ಲಿಕೇಶನ್ ಅಂದರೆ ಬ್ಯಾಕಪ್ ತಾನೇ?

ಅಲ್ಲ. ಒಂದು ಸೈಟಿನ ಡಿಸ್ಕಿಗೆ ಬರೆದದ್ದನ್ನೆಲ್ಲ ಇನ್ನೊಂದು ಸೈಟಿಗೂ ಕಾಪಿ ಮಾಡುತ್ತಾ ಹೋಗುವುದು ರೆಪ್ಲಿಕೇಶನ್. ಇಲ್ಲಿ ಯಾರೋ ತಪ್ಪಿ ಒಂದು ಫೈಲ್ ಅಳಿಸಿದರೆ, ರೆಪ್ಲಿಕೇಶನ್ ಅದನ್ನು ಅಷ್ಟೇ ನಿಷ್ಠೆಯಿಂದ ಅಲ್ಲೂ ಅಳಿಸುತ್ತದೆ. ಇದು ಬೆಂಕಿ, ಪ್ರವಾಹ, ಕರೆಂಟ್ ಹೋಗುವುದು, ಇಡೀ ಕಟ್ಟಡವೇ ಕೈಕೊಡುವುದು, ಇಂಥದ್ದಕ್ಕೆ ಇರುವ ವ್ಯವಸ್ಥೆ. ಬ್ಯಾಕಪ್ ಬೇರೆ ಇರಲೇಬೇಕು.

ಸಿಂಕ್ರನಸ್, ಅಸಿಂಕ್ರನಸ್: ವ್ಯತ್ಯಾಸ ಏನು?

ಕೋಲಾರದ ಟೊಮೆಟೊ ಮಂಡಿಗೆ ಹೋಗಿದ್ದೀರಾ? ಚೀಟಿ ಬರೆಯುವಾಗ ಅಡಿಯಲ್ಲಿ ಕಾರ್ಬನ್ ಹಾಳೆ ಇದ್ದರೆ, ಮೇಲೆ ಬರೆದದ್ದು ಅದೇ ಗಳಿಗೆಯಲ್ಲಿ ಕೆಳಗೂ ಮೂಡುತ್ತದೆ. ಅದು ಸಿಂಕ್ರನಸ್. ದಿನವಿಡೀ ಚೀಟಿ ಬರೆದು, ಸಂಜೆ ಕೂತು ಅದೇ ಕ್ರಮದಲ್ಲಿ ಖಾತೆ ಪುಸ್ತಕಕ್ಕೆ ಏರಿಸಿದರೆ ಅಸಿಂಕ್ರನಸ್. ಪುಸ್ತಕ ಯಾವಾಗಲೂ ಸ್ವಲ್ಪ ಹಿಂದೆ ಇರುತ್ತದೆ. ಆದರೆ ಬರೆಯುವವನ ಕೈ ನಿಲ್ಲುವುದಿಲ್ಲ.

ಕಾರ್ಬನ್ ಹಾಳೆಯ ತೊಂದರೆ ದೂರ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ನಮ್ಮ ಎರಡನೇ ಸೈಟಿಗೆ ಫೈಬರ್ ಸುತ್ತಿ ಬಳಸಿ 85 ಕಿ.ಮೀ. ಆಗುತ್ತದೆ. ಹೋಗಿ ಬರಲು 0.85 ಮಿಲಿಸೆಕೆಂಡ್. ಸುಮ್ನೆ ನೋಡಿದರೆ ಏನೂ ಅಲ್ಲ, ಅಲ್ವಾ? ರಾತ್ರಿಯ ಬ್ಯಾಚ್ ಜಾಬ್ (ಸಾಲಾಗಿ ತಾನೇ ಓಡುವ ಲೆಕ್ಕದ ಕೆಲಸ) ಒಂದರ ಹಿಂದೆ ಒಂದು 1 ಕೋಟಿ ಸಲ ಡಿಸ್ಕಿಗೆ ಬರೆಯುತ್ತದೆ ಅಂದುಕೊಳ್ಳಿ. ಆಗ ಹೆಚ್ಚುವರಿ 8,500 ಸೆಕೆಂಡ್, ಅಂದರೆ 2 ಗಂಟೆ 20 ನಿಮಿಷದ ಮೇಲೆ. ಅದೇ ಜಾಬನ್ನು 1,000 ಕಿ.ಮೀ. ದೂರದ ಸೈಟಿಗೆ ಸಿಂಕ್ರನಸ್ ಇಟ್ಟರೆ ಪ್ರತಿ ಬರಹಕ್ಕೆ 10 ಮಿಲಿಸೆಕೆಂಡ್. ಒಟ್ಟು 27 ಗಂಟೆ ದಾಟುತ್ತದೆ. ಬೆಳಗ್ಗೆ ಬ್ಯಾಂಕ್ ತೆರೆಯುವ ಹೊತ್ತಿಗೆ ಮುಗಿಯಬೇಕಾದ ಕೆಲಸ ಮಾರನೇ ದಿನಕ್ಕೆ ಜಾರುತ್ತದೆ.

ಇಲ್ಲಿ ನನಗೆ ಯಾವಾಗಲೂ ಕೆಜಿಎಫ್ ನೆನಪಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟ್ ತಂದರು. ಅಷ್ಟು ದೂರ ಫೈಬರ್ ಎಳೆದರೆ ಹೋಗಿ ಬರಲು ಒಂದೂವರೆ ಮಿಲಿಸೆಕೆಂಡ್. ಕರೆಂಟು ಆ ಕಡೆ ತಲುಪಿದರೆ ಸಾಕು, ಡೇಟಾ ಹಾಗಲ್ಲ, ಹೋಗಿ "ತಲುಪಿತು" ಅಂತ ಉತ್ತರ ತರಬೇಕು. ಖರ್ಚು ಬೀಳುವುದು ಆ ಉತ್ತರಕ್ಕೆ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು?

ದುಡ್ಡಿದ್ದವರು ಎರಡನ್ನೂ ಇಟ್ಟುಕೊಳ್ಳುತ್ತಾರೆ. ಹತ್ತಿರದ ಸೈಟಿಗೆ ಸಿಂಕ್ರನಸ್, ದೂರದ ಸೈಟಿಗೆ ಅಸಿಂಕ್ರನಸ್. ನಮ್ಮಲ್ಲಿ ಸ್ಟಾಕ್ ಎಕ್ಸ್‌ಚೇಂಜ್‌ನಂಥ ಸಂಸ್ಥೆಗಳಿಗೆ ಒಂದು ಚೂರೂ ಡೇಟಾ ಕಳೆಯದ ಹಾಗೆ ಹತ್ತಿರದಲ್ಲೊಂದು ನಿಯರ್ ಸೈಟ್ ಬೇಕು ಅಂತ ಸೆಬಿಯೇ ಹೇಳಿದೆ.

ಈ ಎರಡಕ್ಕೂ ಕಂಪನಿಗಳು ಇಟ್ಟ ಹೆಸರುಗಳಿಗೆ ಹೆದರಬೇಡಿ, ಮೊದಲನೆಯದು ಸಿಂಕ್ರನಸ್, ಎರಡನೆಯದು ಅಸಿಂಕ್ರನಸ್. ಐಬಿಎಂನವರಿಗೆ ಮೆಟ್ರೋ ಮಿರರ್ ಮತ್ತು ಗ್ಲೋಬಲ್ ಮಿರರ್, ಹಿಟಾಚಿಯವರಿಗೆ ಟ್ರೂಕಾಪಿ ಮತ್ತು ಯೂನಿವರ್ಸಲ್ ರೆಪ್ಲಿಕೇಟರ್, ಡೆಲ್‌ನವರಿಗೆ ಎರಡಕ್ಕೂ ಎಸ್‌ಆರ್‌ಡಿಎಫ್. ಹಳಬರು ಮೆಟ್ರೋ ಮಿರರನ್ನು ಈಗಲೂ ಪಿಪಿಆರ್‌ಸಿ ಅನ್ನುತ್ತಾರೆ.

ಕಾಪಿಯನ್ನು ಸ್ಟೋರೇಜ್ ತಾನೇ ಮಾಡಿಕೊಳ್ಳುತ್ತಲ್ಲ, ನಾವು ಕಂಟ್ರೋಲ್ ಮಾಡುವುದು ಏನನ್ನು?

ಒಳ್ಳೆ ಪ್ರಶ್ನೆ. ಎಲ್ಲ ಸರಿಯಿದ್ದಾಗ ಏನೂ ಇಲ್ಲ. ಕಾಫಿ ಕುಡಿಯಬಹುದು.

ಇಲ್ಲಿನ ಒಂದು ವಾಲ್ಯೂಮ್ (ಮೇನ್‌ಫ್ರೇಮಿಗೆ ಒಂದು ಡಿಸ್ಕಿನ ಹಾಗೆ ಕಾಣುವ ಜಾಗ), ಅಲ್ಲಿನ ಒಂದು ವಾಲ್ಯೂಮ್ ಸೇರಿ ಒಂದು ಪೇರ್. ಪೇರ್ ಇಲ್ಲದಿದ್ದರೆ ಸಿಂಪ್ಲೆಕ್ಸ್. ಕಾಪಿ ನಡೆಯುತ್ತಿದ್ದರೆ ಪೆಂಡಿಂಗ್. ಎರಡೂ ಸಮ ಆದರೆ ಡ್ಯೂಪ್ಲೆಕ್ಸ್. ನಡುವೆ ನಿಂತರೆ ಸಸ್ಪೆಂಡ್. ಈ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟಿಸುವುದೇ ನಮ್ಮ ಕೆಲಸ. ಪೇರ್ ಕಟ್ಟುವುದು, ನಿಲ್ಲಿಸುವುದು, ಮತ್ತೆ ಜೋಡಿಸುವುದು, ದಿಕ್ಕು ತಿರುಗಿಸುವುದು. ಹಿಟಾಚಿಯ ಬಿಸಿನೆಸ್ ಕಂಟಿನ್ಯುಯಿಟಿ ಮ್ಯಾನೇಜರ್ ಅನ್ನುವ ಸಾಫ್ಟ್‌ವೇರಿನಲ್ಲಿ ಇದಕ್ಕೆಲ್ಲ ವೈಕೆ ಅಂತ ಶುರುವಾಗುವ ಕಮಾಂಡುಗಳಿವೆ: ಪೇರ್ ಕಟ್ಟಲು ವೈಕೆಮೇಕ್, ಮತ್ತೆ ಜೋಡಿಸಲು ವೈಕೆರೀಸಿಂಕ್, ಸ್ಥಿತಿ ಕೇಳಲು ವೈಕೆಕ್ವೆರಿ ಹೀಗೆ. ಐಬಿಎಂ ಕಡೆ ಟಿಎಸ್‌ಓ (ಮೇನ್‌ಫ್ರೇಮಿಗೆ ಕಮಾಂಡ್ ಟೈಪ್ ಮಾಡುವ ಪರದೆ) ಕಮಾಂಡುಗಳು ಸಿ ಇಂದ ಶುರು. ಬಾಯಿಪಾಠ ಮಾಡಬೇಡಿ, ಹದಿನೈದು ದಿನದಲ್ಲಿ ಬೆರಳಿಗೆ ತಾನೇ ಬರುತ್ತವೆ.

ದೂರದ ಬಾಕ್ಸಿಗೆ ಕೇಬಲ್ಲೇ ಇಲ್ಲವಲ್ಲ, ನಮ್ಮ ಕಮಾಂಡ್ ಅಲ್ಲಿಗೆ ಹೋಗುವುದು ಹೇಗೆ?

ಎಲ್ಲರೂ ಎಡವುವುದು ಇಲ್ಲೇ. ಬೆಂಗಳೂರಿನ ಮೇನ್‌ಫ್ರೇಮಿನಿಂದ ಫೈಕಾನ್ ಕೇಬಲ್ ಬೆಂಗಳೂರಿನ ಸ್ಟೋರೇಜಿಗೆ ಮಾತ್ರ ಇದೆ. ಎರಡನೇ ಸೈಟಿನ ಸ್ಟೋರೇಜ್ ನಮ್ಮ ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಂ ಜೆಡ್‌ಓಎಸ್ ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮ ಕಡೆ ಕೆರೆಗಳು ಸರಪಳಿ ಹಾಗೆ ಇರುತ್ತವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಅದಕ್ಕೆ ಯಾರೂ ಹೇಳಬೇಕಿಲ್ಲ. ಆದರೆ ತೂಬು ಎತ್ತಬೇಕು ಅಂದರೆ ಆ ಕೆರೆಯ ನೀರುಗಂಟಿಯೇ ಬೇಕು. ಎರಡು ಊರು ದಾಟಿ ಇರುವ ತೂಬು ಎತ್ತಿಸಬೇಕಾದರೆ ನಮ್ಮೂರ ನೀರುಗಂಟಿಗೆ ಹೇಳಿ ಕಳಿಸಬೇಕು, ಅವನು ಪಕ್ಕದೂರಿನವನಿಗೆ ಹೇಳಬೇಕು.

ಹಿಟಾಚಿಯಲ್ಲಿ ಈ ನೀರುಗಂಟಿಯ ಕೆಲಸ ಮಾಡುವುದು ಕಮಾಂಡ್ ಡಿವೈಸ್. ಪ್ರತಿ ಸ್ಟೋರೇಜಿನಲ್ಲೂ ಒಂದು ವಾಲ್ಯೂಮನ್ನು ಇದಕ್ಕೇ ಅಂತ ಮೀಸಲಿಡುತ್ತೀರಿ. ಅದರಲ್ಲಿ ಡೇಟಾ ಇಡುವ ಹಾಗಿಲ್ಲ. ಹೋಸ್ಟಿಗೆ (ಅಂದರೆ ಮೇನ್‌ಫ್ರೇಮಿಗೆ) ಆಫ್‌ಲೈನ್ ಆಗಿಯೇ ಇರಬೇಕು. ನೀವು ಕೊಟ್ಟ ಕಮಾಂಡ್ ಇಲ್ಲಿನ ಕಮಾಂಡ್ ಡಿವೈಸಿಗೆ ಬೀಳುತ್ತದೆ. ಅಲ್ಲಿಂದ ರೆಪ್ಲಿಕೇಶನ್ ಲಿಂಕಿನ ಮೇಲೆ ಅಲ್ಲಿನ ಕಮಾಂಡ್ ಡಿವೈಸಿಗೆ ಹೋಗಿ, ಆ ಬಾಕ್ಸ್ ಕೆಲಸ ಮಾಡಿ, ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಯಾವ ಬಾಕ್ಸಿನಿಂದ ಯಾವ ಬಾಕ್ಸಿಗೆ ದಾರಿ ಅಂತ ರೂಟ್ ಲಿಸ್ಟ್‌ನಲ್ಲಿ ಬರೆದಿಡಬೇಕು. ಮೂರನೇ ಸೈಟ್ ಇದ್ದರೆ ಎರಡನೆಯದರ ಮೂಲಕ ಅಲ್ಲಿಗೂ ಹೀಗೇ ಹೋಗಬಹುದು.

ಒಂದು ಎಚ್ಚರ. ಲಿಂಕಿನಲ್ಲಿ ಹೋಗುವ ದಾರಿ, ಬರುವ ದಾರಿ ಬೇರೆ ಬೇರೆಯಾಗಿ ಕಟ್ಟಬೇಕು. ಹೊಸಬರು ಹೋಗುವ ದಾರಿ ಕಟ್ಟಿ ಎಲ್ಲ ಆಯಿತು ಅನ್ನುತ್ತಾರೆ. ಕಾಪಿಯೂ ಚೆನ್ನಾಗಿ ನಡೆಯುತ್ತದೆ. ದಿಕ್ಕು ತಿರುಗಿಸುವ ದಿನ ಗೊತ್ತಾಗುತ್ತದೆ.

ಐಬಿಎಂನ ಕಾಪಿ ಸರ್ವಿಸಸ್ ಮ್ಯಾನೇಜರ್ ಬೇರೆ ಥರ. ಅದು ಸ್ಟೋರೇಜಿನ ಮ್ಯಾನೇಜ್‌ಮೆಂಟ್ ಕನ್ಸೋಲ್ ಜೊತೆ ಮಾಮೂಲಿ ನೆಟ್‌ವರ್ಕಿನಲ್ಲಿ ಮಾತಾಡಬಲ್ಲದು. ಡೆಲ್‌ನಲ್ಲಿ ಎಸ್‌ಆರ್‌ಡಿಎಫ್ ಲಿಂಕಿನ ಮೇಲೆಯೇ ಕಮಾಂಡ್ ಕಳಿಸಬಹುದು. ಯಾವುದೇ ಆಗಲಿ, ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಮಾತು ಹೋಗುವ ದಾರಿ ಯಾವುದು?

ವಾಲ್ಯೂಮಿನ ಡಿವೈಸ್ ನಂಬರ್ ಎರಡೂ ಕಡೆ ಒಂದೇ ಇದೆ. ಇದು ತಪ್ಪಾ?

ತಪ್ಪಲ್ಲ, ಬಹಳ ಕಡೆ ಬೇಕೆಂದೇ ಹಾಗಿಡುತ್ತಾರೆ. ಇಲ್ಲೂ 7100, ಅಲ್ಲೂ 7100 ಇದ್ದರೆ ನೆನಪಿಡಲು ಸುಲಭ. ಅದಕ್ಕೇ ಹಿಟಾಚಿ ಟೂಲಿನಲ್ಲಿ ಪ್ರತಿ ಸೈಟಿಗೂ ಒಂದು ಗುರುತು ಕೊಡುತ್ತಾರೆ. ಗುರುತು ಮತ್ತು ನಂಬರ್ ಸೇರಿದರೆ ಮಾತ್ರ ಪೂರ್ತಿ ವಿಳಾಸ. ನಮ್ಮಲ್ಲಿ ಒಂದೇ ಹೆಸರಿನವರು ಬೀದಿಗೆ ಮೂರು ಜನ ಇದ್ದಾಗ ಊರ ಹೆಸರು ಸೇರಿಸಿ ಕರೆಯುವುದಿಲ್ಲವೇ, ಹಾಗೆ.

ಸಂಖ್ಯೆಯ ಅಂದಾಜು ಬೇಕಾದರೆ ನೋಡಿ. ಮೇನ್‌ಫ್ರೇಮ್ ಡಿಸ್ಕಿನ 3390 ಮಾದರಿಯಲ್ಲಿ ಒಂದು ಟ್ರ್ಯಾಕಿಗೆ 56,664 ಬೈಟ್, 15 ಟ್ರ್ಯಾಕಿಗೆ ಒಂದು ಸಿಲಿಂಡರ್. ನಾವು ಮಾಡ್ ನೈನ್ ಅನ್ನುವ ವಾಲ್ಯೂಮಿನಲ್ಲಿ 10,017 ಸಿಲಿಂಡರ್, ಅಂದರೆ ಸುಮಾರು 8.5 ಜಿಬಿ. 100 ಟಿಬಿ ಡೇಟಾ ಇದ್ದರೆ ಇಂಥವು 11,700ಕ್ಕೂ ಜಾಸ್ತಿ. ಒಂದೊಂದಕ್ಕೂ ಕೈಯಲ್ಲಿ ಕಮಾಂಡ್ ಕೊಡುವ ಮಾತೇ ಇಲ್ಲ. ಗುಂಪು ಮಾಡಿ, ಗುಂಪಿಗೆ ಕೊಡುತ್ತೇವೆ. ಹಾಗಾಗಿ ಒಂದು ತಪ್ಪು ಮಾಡಿದರೂ ಅದು ಗುಂಪಿಗೇ ಆಗುತ್ತದೆ!

ಲಿಂಕ್ ಕಡಿದುಹೋದರೆ ಏನಾಗುತ್ತದೆ?

ಪೇರ್‌ಗಳು ಸಸ್ಪೆಂಡ್ ಆಗುತ್ತವೆ. ಇಲ್ಲಿನ ಕೆಲಸ ನಡೆಯುತ್ತಲೇ ಇರುತ್ತದೆ, ಯಾವ ಟ್ರ್ಯಾಕ್ ಬದಲಾಯಿತು ಅಂತ ಸ್ಟೋರೇಜ್ ಗುರುತು ಹಾಕಿಕೊಳ್ಳುತ್ತಾ ಹೋಗುತ್ತದೆ. ಲಿಂಕ್ ಬಂದ ಮೇಲೆ ಅಷ್ಟನ್ನೇ ಕಳಿಸುತ್ತದೆ. ಪುಸ್ತಕದಲ್ಲಿ ಇಷ್ಟೇ ಇರುತ್ತದೆ. ಒಂದು ರಾತ್ರಿಯ ಕಥೆ ಹೇಳುತ್ತೇನೆ.

ಮಳೆಗಾಲ. ರಾತ್ರಿ 1:40. ನಾನು ಕೋಲಾರದ ಮನೆಯಲ್ಲಿ ಶಿಫ್ಟಿನಲ್ಲಿದ್ದೆ. ಕನ್ಸೋಲ್ ಮೇಲೆ ಸಸ್ಪೆಂಡ್ ಮೆಸೇಜು ಸಾಲುಸಾಲಾಗಿ ಬಂತು. ನಮಗೆ ಎರಡು ಲಿಂಕ್, ಬೇರೆ ಬೇರೆ ಕಂಪನಿಯವು. ಎರಡೂ ಒಟ್ಟಿಗೆ ಹೋದವು. ಬೆಳಗ್ಗೆ ಗೊತ್ತಾಯಿತು, ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿ ಒಂದು ಮೋರಿಯ ಪಕ್ಕ ಅಗೆದಿತ್ತು. ಎರಡು ಕಂಪನಿ, ಎರಡು ಬಿಲ್ಲು, ಗುಂಡಿ ಮಾತ್ರ ಒಂದೇ.

ಮೊದಲು ಕ್ವೆರಿ ಕೊಟ್ಟೆ. ಬೆಂಗಳೂರಿನ ಅರ್ಧ ಬಂತು. ದೂರದ ಬಾಕ್ಸಿನ ಅರ್ಧ ಬರಲಿಲ್ಲ. ಬರುವುದಾದರೂ ಹೇಗೆ? ನಮ್ಮ ಕಮಾಂಡ್ ಹೋಗುತ್ತಿದ್ದದ್ದೂ ಅದೇ ಲಿಂಕಿನ ಮೇಲೆ. ನೀರಿನ ಕಾಲುವೆ ಒಡೆದಾಗ ನೀರುಗಂಟಿ ಓಡಾಡುವ ಏರಿಯೂ ಕೊಚ್ಚಿಹೋದ ಹಾಗೆ.

ಎರಡನೇ ಸೈಟಿನ ಆಪರೇಟರಿಗೆ ಫೋನ್ ಮಾಡಿದೆ. "ಸಾರ್, ಇಲ್ಲಿ ಎಲ್ಲ ಹಸಿರು ದೀಪ" ಅಂದರು. ನಿಜವೇ. ಬಾಕ್ಸಿಗೆ ಏನೂ ಆಗಿರಲಿಲ್ಲ. ಅದರೊಳಗಿನ ಡೇಟಾ ಮಾತ್ರ 1:40ಕ್ಕೆ ನಿಂತಿತ್ತು. ಅಲ್ಲೊಂದು ಚಿಕ್ಕ ಮೇನ್‌ಫ್ರೇಮ್ ಪಾರ್ಟಿಶನ್ (ಬೇರೆ ಕಂಪ್ಯೂಟರಿನ ಹಾಗೆ ನಡೆಯುವ ಮೇನ್‌ಫ್ರೇಮಿನ ಒಂದು ಭಾಗ) ಇದೆ, ಅದಕ್ಕೆ ಆ ಸ್ಟೋರೇಜ್ ನೇರವಾಗಿ ಕಾಣುತ್ತದೆ. "ಅದರಲ್ಲಿ ಲಾಗಿನ್ ಆಗಿ ಒಂದು ಕ್ವೆರಿ ಕೊಡಿ" ಅಂದೆ. ಎರಡು ನಿಮಿಷ ಸದ್ದಿಲ್ಲ. ಆಮೇಲೆ, "ಸಾರ್, ಐಡಿ ರಿವೋಕ್ ಆಗಿದೆ ಅಂತಿದೆ."

ತಿಂಗಳುಗಟ್ಟಲೆ ಯಾರೂ ಅದಕ್ಕೆ ಲಾಗಿನ್ ಆಗಿರಲಿಲ್ಲ. ಬಳಸದ ಐಡಿಯನ್ನು ರಾಕ್‌ಎಫ್ (ಯಾರು ಒಳಗೆ ಬರಬಹುದು ಅಂತ ಕಾಯುವ ಸಾಫ್ಟ್‌ವೇರ್) ತಾನೇ ಮುಚ್ಚಿತ್ತು. ಅದರ ತಪ್ಪಲ್ಲ, ಹಾಗೆ ಮಾಡು ಅಂತ ನಾವೇ ಹೇಳಿದ್ದೆವು. ಐಡಿ ತೆರೆಸುವ ಹೊತ್ತಿಗೆ 3 ಗಂಟೆ. ಆ ರಾತ್ರಿ ಏನೂ ಕಳೆದುಹೋಗಲಿಲ್ಲ. ಆದರೆ ಆ 80 ನಿಮಿಷದಲ್ಲಿ ಬೆಂಗಳೂರು ಸೈಟ್ ಬಿದ್ದಿದ್ದರೆ, ಅಚ್ಚುಕಟ್ಟಾದ ಕಾಪಿ ಇದ್ದೂ ಅದನ್ನು ಎಬ್ಬಿಸುವವರು ಯಾರೂ ಇರುತ್ತಿರಲಿಲ್ಲ.

ಈಗ ನಮ್ಮಲ್ಲಿ ಪ್ರತಿ ತಿಂಗಳ ಮೊದಲ ಸೋಮವಾರ ಎರಡನೇ ಸೈಟಿನಿಂದ ಯಾರಾದರೂ ಲಾಗಿನ್ ಆಗಿ ಕ್ವೆರಿ ಕೊಟ್ಟು, ಬಂದ ಉತ್ತರ ನನಗೆ ಕಳಿಸಬೇಕು. ಫೈಬರ್ ಕಂಪನಿಯವರ ಹತ್ತಿರ ದಾರಿಯ ನಕ್ಷೆ ಕೇಳಿ ತೆಗೆದುಕೊಳ್ಳುತ್ತೇವೆ. ಅವರು ಸುಲಭಕ್ಕೆ ಕೊಡುವುದಿಲ್ಲ, ಬೆನ್ನು ಹತ್ತಬೇಕು.

ಲಿಂಕ್ ವಾಪಸ್ ಬಂದ ತಕ್ಷಣ ರೀಸಿಂಕ್ ಕೊಡಬಹುದಾ?

ತಾಳಿ. ಸಸ್ಪೆಂಡ್ ಆದ ಕಾಪಿ ಹಳೆಯದು, ಆದರೆ ಸರಿಯಾಗಿದೆ. ರೀಸಿಂಕ್ ಶುರುವಾದ ಮೇಲೆ ಬದಲಾದ ಟ್ರ್ಯಾಕುಗಳು ಬರೆದ ಕ್ರಮದಲ್ಲಿ ಹೋಗುವುದಿಲ್ಲ, ಸಿಕ್ಕ ಕ್ರಮದಲ್ಲಿ ಹೋಗುತ್ತವೆ. ಅದು ಮುಗಿಯುವ ತನಕ ಅಲ್ಲಿನ ಕಾಪಿ ಅರ್ಧ ಹೊಸದು ಅರ್ಧ ಹಳೆಯದು, ಯಾವ ಡೇಟಾಬೇಸೂ ಅದರ ಮೇಲೆ ಏಳುವುದಿಲ್ಲ. ಆಗಲೇ ಮೊದಲ ಸೈಟ್ ಬಿದ್ದರೆ ಎರಡೂ ಹೋದ ಹಾಗೆ.

ಆದ್ದರಿಂದ ಮೊದಲು ಎರಡನೇ ಸೈಟಿನ ಒಳಗೇ ಒಂದು ಪಾಯಿಂಟ್ ಇನ್ ಟೈಮ್ ಕಾಪಿ ತೆಗೆಯಿರಿ. ಐಬಿಎಂ ಆದರೆ ಫ್ಲಾಶ್‌ಕಾಪಿ, ಹಿಟಾಚಿ ಆದರೆ ಶ್ಯಾಡೋಇಮೇಜ್. ಆಮೇಲೆ ರೀಸಿಂಕ್. "ಅಷ್ಟು ಜಾಗ ಎಲ್ಲಿಂದ ತರೋದು?" ಅಂತ ಮ್ಯಾನೇಜರ್ ಕೇಳುತ್ತಾರೆ. ಕೇಳಲಿ. ಆ ಜಾಗ ಬೇಕು.

ಫ್ರೀಜ್ ಅಂತ ಕಮಾಂಡ್ ಯಾಕಿದೆ? ಎಲ್ಲವನ್ನೂ ನಿಲ್ಲಿಸುವುದು ಅಪಾಯ ಅಲ್ವಾ?

ನಿಲ್ಲಿಸದಿದ್ದರೆ ಹೆಚ್ಚು ಅಪಾಯ. ಬೆಂಕಿ ಎಲ್ಲವನ್ನೂ ಒಂದೇ ಕ್ಷಣದಲ್ಲಿ ಸುಡುವುದಿಲ್ಲ. ಮೊದಲು ಒಂದು ಬಾಕ್ಸಿನ ಲಿಂಕ್ ಹೋಗುತ್ತದೆ, ಐದು ನಿಮಿಷ ಬಿಟ್ಟು ಇನ್ನೊಂದರದ್ದು. ಡೇಟಾಬೇಸ್ ಮೊದಲು ಲಾಗ್ ಬರೆಯುತ್ತದೆ, ಆಮೇಲೆ ಡೇಟಾ. ಲಾಗ್ ಇರುವ ಬಾಕ್ಸಿನ ಕಾಪಿ ನಿಂತು, ಡೇಟಾ ಇರುವ ಬಾಕ್ಸಿನದ್ದು ಮುಂದುವರಿದರೆ? ಅಲ್ಲಿ ಲಾಗಿನಲ್ಲಿ ಇಲ್ಲದ ಬದಲಾವಣೆ ಡೇಟಾದಲ್ಲಿ ಕೂತಿರುತ್ತದೆ. ಒಬ್ಬರ ಖಾತೆಯಿಂದ ದುಡ್ಡು ಕಳೆದಿದೆ, ಇನ್ನೊಬ್ಬರ ಖಾತೆಗೆ ಸೇರಿಲ್ಲ, ಯಾಕೆ ಅಂತ ಹೇಳುವ ದಾಖಲೆಯೂ ಇಲ್ಲ.

ಅದಕ್ಕೇ ಒಂದು ಪೇರ್ ಕೆಟ್ಟರೂ ಗುಂಪಿನ ಎಲ್ಲ ಬರಹವನ್ನೂ ಒಂದು ಗಳಿಗೆ ತಡೆದು, ಎಲ್ಲ ಪೇರ್‌ಗಳನ್ನೂ ಅದೇ ಬಿಂದುವಿನಲ್ಲಿ ನಿಲ್ಲಿಸಿ, ಆಮೇಲೆ ರನ್ ಕೊಟ್ಟು ಬಿಡುತ್ತೇವೆ. ಐಬಿಎಂನಲ್ಲಿ ರನ್ ಬರದಿದ್ದರೆ ಸಾಮಾನ್ಯವಾಗಿ 2 ನಿಮಿಷ ತಡೆದು ತಾನೇ ಬಿಡುತ್ತದೆ.

ರನ್ ಕೊಡಬೇಕೋ, ಇಲ್ಲೇ ನಿಲ್ಲಿಸಬೇಕೋ ಅನ್ನುವುದು ನಮ್ಮ ತೀರ್ಮಾನ ಅಲ್ಲ. ರನ್ ಕೊಟ್ಟರೆ ವ್ಯವಹಾರ ನಡೆಯುತ್ತದೆ, ಆದರೆ ಆಮೇಲಿನ ಡೇಟಾ ಕಳೆಯಬಹುದು. ನಿಲ್ಲಿಸಿದರೆ ಏನೂ ಕಳೆಯುವುದಿಲ್ಲ, ಆದರೆ ಸುಳ್ಳು ಅಲಾರಂ ಆದರೆ ಎಟಿಎಂ ಸುಮ್ಮನೆ ನಿಂತಿರುತ್ತದೆ. ಬ್ಯಾಂಕಿನವರು ಮೊದಲೇ ಬರೆದು ಕೊಡಬೇಕು. ರಾತ್ರಿ ಎರಡು ಗಂಟೆಗೆ ಇಪ್ಪತ್ತಮೂರು ವರ್ಷದ ಹುಡುಗನ ತಲೆಗೆ ಕಟ್ಟುವ ವಿಷಯ ಇದಲ್ಲ.

ಕಂಟ್ರೋಲ್ ಮಾಡುವ ಸಿಸ್ಟಂ ಯಾವ ಸೈಟಿನಲ್ಲಿ ಇರಬೇಕು?

ಪ್ರೊಡಕ್ಷನ್ (ನಿಜವಾದ ವ್ಯವಹಾರ) ಇಲ್ಲದ ಕಡೆ. ಸುಟ್ಟುಹೋಗುವ ಮನೆಯೊಳಗೇ ಬೆಂಕಿ ಆರಿಸುವ ಪಂಪ್ ಇಟ್ಟರೆ ಏನು ಬಂತು? ಐಬಿಎಂನ ಜಿಡಿಪಿಎಸ್ ವ್ಯವಸ್ಥೆಯಲ್ಲಿ ಕಂಟ್ರೋಲ್ ಸಿಸ್ಟಂ ಬೇರೆಯೇ ಪಾರ್ಟಿಶನ್, ಅದರ ಡಿಸ್ಕೂ ಬೇರೆ. ಫ್ರೀಜ್ ಆದಾಗ ಪ್ರೊಡಕ್ಷನ್ ಡಿಸ್ಕುಗಳ ಬರಹ ನಿಲ್ಲುತ್ತದೆ. ಕಂಟ್ರೋಲ್ ಸಿಸ್ಟಮ್ಮಿನ ಡಿಸ್ಕೂ ಅವುಗಳ ಜೊತೆಗಿದ್ದರೆ, ರನ್ ಕೊಡಬೇಕಾದವನೇ ಉಸಿರು ಕಟ್ಟಿ ನಿಲ್ಲುತ್ತಾನೆ.

ರೂಟ್ ಲಿಸ್ಟ್, ಪೇರ್ ವಿವರ ಇರುವ ಫೈಲುಗಳೂ ಅಷ್ಟೇ. ಎರಡನೇ ಸೈಟಿನಲ್ಲಿ ಅವುಗಳ ಪ್ರತಿ ಇರಬೇಕು, ಅದು ರೆಪ್ಲಿಕೇಶನ್ ಮೇಲೆ ನಿಂತಿರಬಾರದು.

ಮೊದಲ ಸಲ ಪೂರ್ತಿ ಕಾಪಿಗೆ ಎಷ್ಟು ಹೊತ್ತು?

100 ಟಿಬಿಯನ್ನು 10 ಗಿಗಾಬಿಟ್ ಲಿಂಕಿನಲ್ಲಿ ಕಳಿಸಿದರೆ 80,000 ಸೆಕೆಂಡ್, ಸುಮಾರು 22 ಗಂಟೆ. ಇದು ಲಿಂಕ್ ಪೂರ್ತಿ ನಿಮ್ಮದೇ ಆಗಿದ್ದರೆ. ದಿನದ ಬರಹವೂ ಅದೇ ಲಿಂಕಿನಲ್ಲಿ ಹೋಗುವುದರಿಂದ ಎರಡು ಮೂರು ದಿನ ಹಿಡಿಯಿರಿ, ತಿಂಗಳ ಕೊನೆಗೆ ಇಟ್ಟುಕೊಳ್ಳಬೇಡಿ.

ಅಸಿಂಕ್ರನಸ್‌ನಲ್ಲಿ ಜರ್ನಲ್ ತುಂಬಿತು ಅಂತ ಬರುತ್ತದೆ. ಏನು ಮಾಡಲಿ?

ಯೂನಿವರ್ಸಲ್ ರೆಪ್ಲಿಕೇಟರ್‌ನಲ್ಲಿ ಇಲ್ಲಿನ ಬರಹ ಮೊದಲು ಜರ್ನಲ್ ವಾಲ್ಯೂಮಿಗೆ ಕ್ರಮಸಂಖ್ಯೆ ಹಾಕಿಕೊಂಡು ಬೀಳುತ್ತದೆ. ದೂರದ ಬಾಕ್ಸ್ ಬಂದು ಅದನ್ನು ಎಳೆದುಕೊಂಡು ಹೋಗುತ್ತದೆ. ಎಳೆಯುವುದಕ್ಕಿಂತ ಬರೆಯುವುದು ಜಾಸ್ತಿಯಾದರೆ ತುಂಬುತ್ತದೆ, ಕೊನೆಗೆ ಪೇರ್ ಸಸ್ಪೆಂಡ್. ಸೆಕೆಂಡಿಗೆ 200 ಎಂಬಿ ಬರೆಯುವ ಬ್ಯಾಚ್ ಇದ್ದರೆ 1.6 ಗಿಗಾಬಿಟ್ ಬೇಕು. ಸರಾಸರಿ ನೋಡಿ 1 ಗಿಗಾಬಿಟ್ ಲಿಂಕ್ ಕೊಂಡವರಿಗೆ ದಿನಾ ರಾತ್ರಿ ಇದೇ ಪಾಡು. ಜರ್ನಲ್ ದೊಡ್ಡದು ಮಾಡಿದರೆ ಸ್ವಲ್ಪ ಹೊತ್ತು ತಳ್ಳಬಹುದು, ಅಷ್ಟೇ.

ಡ್ರಿಲ್‌ನಲ್ಲಿ (ಎರಡನೇ ಸೈಟಿಗೆ ದಾಟಿ ನೋಡುವ ಅಭ್ಯಾಸದಲ್ಲಿ) ಹೆಚ್ಚಾಗಿ ಆಗುವ ತಪ್ಪು ಯಾವುದು?

ದಿಕ್ಕು. ಡ್ರಿಲ್ ಮುಗಿದ ಮೇಲೆ ವಾಪಸ್ ಬರುವಾಗ ಯಾವ ಕಡೆಯಿಂದ ಯಾವ ಕಡೆಗೆ ರೀಸಿಂಕ್ ಅಂತ ಗೊಂದಲ. ಪರೀಕ್ಷೆಗೆ ಹಾಕಿದ ಕಸದ ಡೇಟಾ ಪ್ರೊಡಕ್ಷನ್ ಮೇಲೆ ಬಂದು ಕೂರಬಹುದು. ಸ್ಟೋರೇಜ್ ತಡೆಯುವುದಿಲ್ಲ. ನೀವು ಹೇಳಿದ್ದನ್ನು ಮಾಡುತ್ತದೆ.

ನಮ್ಮ ಪದ್ಧತಿ ಹಳೇ ಕಾಲದ್ದು. ಒಬ್ಬರು ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತದೆ ಕೈ ತೆಗೆಯುತ್ತಾರೆ. ಇನ್ನೊಬ್ಬರು ಜೋರಾಗಿ ಓದುತ್ತಾರೆ: "ಬೆಂಗಳೂರಿಂದ ಕೋಲಾರಕ್ಕೆ, ಗುಂಪು ಮೂರು, ರೀಸಿಂಕ್." ಮೊದಲನೆಯವರು "ಹೌದು" ಅಂದ ಮೇಲೆ ಎಂಟರ್. ಹೊಸಬರು ನಗುತ್ತಾರೆ. ಒಂದು ಸಲ ಹೀಗೆ ಓದುವಾಗಲೇ ನಾನು ಉಲ್ಟಾ ಟೈಪ್ ಮಾಡಿದ್ದು ಪಕ್ಕದವಳ ಕಣ್ಣಿಗೆ ಬಿತ್ತು. ಅವಳು ಸೇರಿ ಆಗ ನಾಲ್ಕು ತಿಂಗಳು. ಆವತ್ತು ಊಟ ನಾನೇ ಕೊಡಿಸಿದೆ.

ಯಾರು ಬೇಕಾದರೂ ಈ ಕಮಾಂಡ್ ಕೊಡಬಹುದಾ?

ಇಲ್ಲ. ಕ್ವೆರಿ ಎಲ್ಲರಿಗೂ, ಉಳಿದದ್ದು ಆರು ಜನಕ್ಕೆ. ಆ ಆರರಲ್ಲಿ ಇಬ್ಬರಾದರೂ ಎರಡನೇ ಸೈಟಿನಲ್ಲಿ ಇರಬೇಕು.

ಮನೆಯಿಂದ ಈ ಕೆಲಸ ಮಾಡಬಹುದಾ?

ಮಾಡುತ್ತಿದ್ದೇನಲ್ಲ. ಯುಪಿಎಸ್ ಮತ್ತು ಎರಡು ಇಂಟರ್ನೆಟ್ ಸಂಪರ್ಕ ಇಟ್ಟುಕೊಂಡಿದ್ದೇನೆ. ಕಮಾಂಡ್ ಓಡುವುದು ಮೇನ್‌ಫ್ರೇಮಿನಲ್ಲಿ, ನನ್ನ ಲ್ಯಾಪ್‌ಟಾಪ್ ಬರೀ ಕಿಟಕಿ. ನಡುವೆ ಕರೆಂಟ್ ಹೋದರೂ ಬ್ಯಾಚ್ ಜಾಬಾಗಿ ಕೊಟ್ಟ ಕೆಲಸ ನಿಲ್ಲುವುದಿಲ್ಲ. ಅದಕ್ಕೇ ದೊಡ್ಡ ರೀಸಿಂಕನ್ನು ಸ್ಕ್ರೀನಿನಿಂದ ಕೊಡುವುದಿಲ್ಲ, ಜಾಬ್ ಬರೆದು ಸಬ್ಮಿಟ್ ಮಾಡುತ್ತೇನೆ. ಡ್ರಿಲ್ ದಿನ ಮಾತ್ರ ಮನೆ ಬೇಡ, ಆರು ಗಂಟೆ ಬಸ್ಸು ಹತ್ತಿ ಆಫೀಸಿಗೆ ಬನ್ನಿ.

ನಾಳೆ ಮೊದಲ ಶಿಫ್ಟ್. ಮೊದಲು ಏನು ಮಾಡಲಿ?

ಬಂದ ಕೂಡಲೇ ಎಲ್ಲ ಗುಂಪುಗಳಿಗೂ ಕ್ವೆರಿ ಕೊಡಿ, ಎರಡೂ ಕಡೆಯ ಉತ್ತರ ಬಂತಾ ನೋಡಿ. ಡ್ಯೂಪ್ಲೆಕ್ಸ್ ಅಲ್ಲದ್ದು ಒಂದೇ ಒಂದು ಕಂಡರೂ ಹಿಂದಿನ ಶಿಫ್ಟಿನವರನ್ನು ಮನೆಗೆ ಬಿಡಬೇಡಿ. ಮತ್ತೆ ಎರಡನೇ ಸೈಟಿನ ಆಪರೇಟರ್ ಹೆಸರು, ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ನಂಬರ್ ಇರುವ ಫೈಲು ನಮ್ಮ ಸರ್ವರಿನಲ್ಲೇ ಇದೆ. ಬೇಕಾದ ದಿನ ಅದು ತೆರೆಯುವುದಿಲ್ಲ.